ಕಿಚ್ಚು ಹಾಯಿಸುವಾಗ ದನಗಳಿಗೆ ಸುಡುವುದಿಲ್ಲವೇ?

ಮೈಸೂರಿನ ಸೊಸೆ:
ಮೈಸೂರಿನ ನಮ್ಮ ಮನೆಯಲ್ಲಿ ಸಂಕ್ರಾಂತಿ ಎಂದರೆ ಕೊಬ್ಬರಿ, ಬೆಲ್ಲ ಹೆಚ್ಚಿ ಹೆಚ್ಚಿ ಬೆರಳಿನಲ್ಲಿ ಬೊಬ್ಬೆ, ಸಂಜೆ ರೇಷ್ಮೆ ಲಂಗ ಉಟ್ಟು ಮನೆಮನೆಗೆ ಎಳ್ಳು ಬೀರುವುದು. ಮದುವೆಯಾಗಿ ಮಂಡ್ಯದ ಹತ್ತಿರದ ಹಳ್ಳಿಗೆ ಬಂದಿದ್ದೇನೆ, ಇದು ಮೊದಲ ಹಬ್ಬ. ಇಲ್ಲಿ ದನಗಳನ್ನು ಬೆಂಕಿಯ ಮೇಲೆ ಹಾರಿಸುತ್ತಾರಂತೆ. ಏಕೆ? ಅತ್ತೆಯವರನ್ನು ಕೇಳಿದರೆ "ನೋಡುವೆಯಂತೆ ಬಿಡು" ಎಂದು ನಕ್ಕರು. ಇನ್ನೊಂದು, ಹಬ್ಬ ಒಂದು ವರ್ಷ 14ಕ್ಕೆ, ಇನ್ನೊಂದು ವರ್ಷ 15ಕ್ಕೆ ಬರುವುದೇಕೆ?

ನಾಲೆ ಬಯಲು:
ತಾಯಿ, ನಮ್ಮ ಕೊಟ್ಟಿಗೆಯಲ್ಲಿ ಈಗ ಎರಡೇ ಎತ್ತು. ಅಂದು ಅವಕ್ಕೆ ನೊಗ ಮುಟ್ಟಿಸುವುದಿಲ್ಲ. ನೀರು ಬಿಟ್ಟಿದ್ದರೆ ವಿಶ್ವೇಶ್ವರಯ್ಯ ನಾಲೆಯಲ್ಲಿ, ಇಲ್ಲದಿದ್ದರೆ ತೊಟ್ಟಿಯ ಹತ್ತಿರ ಮೈ ತೊಳೆದು, ಅರಿಶಿನ ಬಳಿದು, ಕೊಂಬಿಗೆ ಬಣ್ಣ ಹಚ್ಚಿ, ಕೊರಳಿಗೆ ಚೆಂಡುಹೂವು ಕಟ್ಟುತ್ತೇನೆ. ಹೊಸ ಅಕ್ಕಿಯ ಹುಗ್ಗಿ ಮೊದಲು ಅವಕ್ಕೇ.

ಹೊತ್ತು ಮುಳುಗುವಾಗ ಊರ ಮುಂದೆ ಭತ್ತದ ಹುಲ್ಲನ್ನು ಸಾಲಾಗಿ ಹರಡಿ ಬೆಂಕಿ ಇಡುತ್ತಾರೆ. ಹುಲ್ಲಿನ ಉರಿ ಭಗ್ಗೆಂದು ಎದ್ದು ಅಷ್ಟೇ ಬೇಗ ಕುಸಿಯುತ್ತದೆ. ಕುಸಿಯುವ ಗಳಿಗೆ ನೋಡಿ ಹಗ್ಗ ಹಿಡಿದು ಓಡಬೇಕು. ಹೋದ ವರ್ಷ ನಮ್ಮ ಬಿಳಿಯ ಎತ್ತು ಅಂಚಿಗೆ ಬಂದು ನಿಂತು, ಬುಸ್ಸೆಂದು ಉಸಿರು ಬಿಟ್ಟು, ಒಂದೇ ನೆಗೆತಕ್ಕೆ ದಾಟಿತು. ಪಂಚೆಯ ಅಂಚು ಸುಟ್ಟುಕೊಂಡವನು ನಾನು!

ಮೈಮೇಲಿನ ಉಣ್ಣೆ ಹುಳುಗಳು ಉದುರುತ್ತವೆ ಎಂದು ಕೆಲವರು ಕಾರಣ ಹೇಳುತ್ತಾರೆ. ಒಂದು ನೆಗೆತಕ್ಕೆ ಎಷ್ಟು ಉಣ್ಣೆ ಉದುರೀತು? ದನಕ್ಕೆ ತಗುಲಿದ ದೃಷ್ಟಿ ಕಳೆಯಲು ಎನ್ನುತ್ತಿದ್ದರು ನಮ್ಮ ತಂದೆ. ನನಗೆ ಆ ಮಾತೇ ಹಿಡಿಸುತ್ತದೆ. ಗಬ್ಬದ ಹಸುವನ್ನು, ಬೆದರಿದ ಕರುವನ್ನು ಮಾತ್ರ ಎಳೆಯಬಾರದು. ಎಳೆಯುವವರನ್ನು ನಾನು ಬೈದಿದ್ದೇನೆ.

ಹಳೆಯ ಪಂಚಾಂಗ:
ಸೂರ್ಯ ಮಕರ ರಾಶಿಗೆ ಕಾಲಿಡುವ ಗಳಿಗೆ ವರ್ಷಕ್ಕೆ ಸುಮಾರು 6 ಗಂಟೆ ತಡವಾಗುತ್ತ ಹೋಗುತ್ತದೆ. ಫೆಬ್ರವರಿ 29 ಬಂದಾಗ ಮತ್ತೆ ಹಿಂದಕ್ಕೆ ಬರುತ್ತದೆ. 14, 15ರ ಓಲಾಟ ಅದರದು. ಅದಲ್ಲದೆ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಹಬ್ಬವೇ ಮುಂದೆ ಸರಿಯುತ್ತಿದೆ. ವಿವೇಕಾನಂದರು ಹುಟ್ಟಿದ್ದು ಸಂಕ್ರಾಂತಿಯ ದಿನ. ಅಂದು 1863ರ ಜನವರಿ 12.

ಸಕ್ಕರೆ ಅಚ್ಚು:
ಮೈಸೂರಿನವರಾಗಿ ಕಿಚ್ಚು ನೋಡಿಲ್ಲವೇ? ಬೆಂಗಳೂರು ರಸ್ತೆಯ ಸಿದ್ದಲಿಂಗಪುರದ ಕಿಚ್ಚು ನಿಮ್ಮ ಮಗ್ಗುಲಲ್ಲೇ ಇತ್ತಲ್ಲ!

ಮೈಸೂರಿನ ಸೊಸೆ:
ಎಳ್ಳು ಬೀರುವ ಹೊತ್ತೂ ಅದೇ ಅಲ್ಲವೇ, ಯಾರು ಬಿಡುತ್ತಿದ್ದರು? ಈ ಸಲ ಎಳ್ಳನ್ನು ಮಧ್ಯಾಹ್ನವೇ ಬೀರಿ ಮುಗಿಸುತ್ತೇನೆ. ಹಗ್ಗ ಹಿಡಿಯುವುದು ನಮ್ಮವರಂತೆ. ಹೊಸ ಪಂಚೆ ಉಡಬೇಡಿ ಎಂದು ಈಗಲೇ ಹೇಳಿದ್ದೇನೆ.