ಹಳೆಯ ಪುಟ್ಟ ಬುಕ್‌ಶೆಲ್ಫ್ ಸ್ಪೀಕರ್: ಎಡದ್ದು ಖರಖರ, ಬಲದ್ದು ಮಂಕು. ನಾಲ್ಕೂ ಡ್ರೈವರ್ ಬದಲಾಯಿಸಲೇಬೇಕೇ?

ವಾಶಿವಾಸಿ (ನವಿ ಮುಂಬಯಿ):

ಎಲ್ಲರಿಗೂ ನಮಸ್ಕಾರ. ನಮ್ಮ ಮಾವ ಹಡಗಿನ ಕೆಲಸದಲ್ಲಿದ್ದಾಗ, ಎಂಬತ್ತರ ದಶಕದಲ್ಲಿ, ತಂದಿದ್ದ ಒಂದು ಜೋಡಿ ಸಣ್ಣ ಸ್ಪೀಕರ್ ಈಗ ನನ್ನ ಮನೆಗೆ ಬಂದಿವೆ. ಎತ್ತರ ಒಂದಡಿಗೆ ತುಸು ಕಮ್ಮಿ. ಟೂ-ವೇ, ಅಂದರೆ ಪ್ರತಿಯೊಂದರಲ್ಲೂ ಸದ್ದು ಹೊರಡಿಸುವ ಡ್ರೈವರ್ ಎರಡು: ಬೇಸ್‌ಗೆ ವೂಫರ್, ಟ್ರೆಬಲ್‌ಗೆ ಟ್ವೀಟರ್. ಹಿಂದೆ ಮುಂದೆ ಎಲ್ಲೂ ಪೋರ್ಟ್ (ಗಾಳಿಯಾಡುವ ತೂತು) ಇಲ್ಲ, ಪೂರ್ತಿ ಮುಚ್ಚಿದ ಪೆಟ್ಟಿಗೆ. ಹಿಂಬದಿಯ ಲೇಬಲ್ ಅರ್ಧ ಕಿತ್ತುಹೋಗಿದೆ. "8 ಓಮ್ಸ್", "ಮೇಡ್ ಇನ್ ಇಂಗ್ಲೆಂಡ್" ಇಷ್ಟೇ ಓದಲು ಬರುತ್ತದೆ. ವೆನಿಯರ್ (ಮೇಲಿನ ತೆಳು ಮರದ ಹೊದಿಕೆ) ಮಾತ್ರ ಇನ್ನೂ ಚೆನ್ನಾಗಿದೆ.

ತೊಂದರೆ ಎರಡು. ಎಡದ್ದರಲ್ಲಿ ತಬಲಾದ ದಪ್ಪ ದನಿಯ ಡಗ್ಗಾ ಬಂದಾಗಲೆಲ್ಲ ಖರಖರ ಎನ್ನುತ್ತದೆ. ವಾಲ್ಯೂಮ್ ಕಮ್ಮಿ ಇದ್ದರೂ ಅಷ್ಟೇ. ಬಲದ್ದರಲ್ಲಿ ಖರಖರ ಇಲ್ಲ, ಆದರೆ ತಂಬೂರಿಯ ಜವಾರಿ, ಅಂದರೆ ತಂತಿಯ ಆ ಝೇಂಕಾರವೇ ಕೇಳುವುದಿಲ್ಲ. ಭೀಮಸೇನ ಜೋಶಿಯವರ ರೆಕಾರ್ಡಿಂಗ್ ಹಾಕಿದರೆ ದನಿ ಎಡಕ್ಕೆ ವಾಲಿದ ಹಾಗೆ ಅನ್ನಿಸುತ್ತದೆ.

ಒಂದು ರಿಪೇರಿ ಅಂಗಡಿಗೆ ಒಯ್ದಿದ್ದೆ. ಕೇಳಿ ಸಹ ನೋಡದೆ, "ಇದರ ಪಾರ್ಟ್ ಸಿಗೋದಿಲ್ಲ, ನಾಲ್ಕೂ ಡ್ರೈವರ್ ಹೊಸದು ಹಾಕಿ ಕೊಡ್ತೇನೆ" ಅಂದರು. ಒಪ್ಪಲು ಮನಸ್ಸಾಗಲಿಲ್ಲ. ನನ್ನ ಹತ್ತಿರ ಮಲ್ಟಿಮೀಟರ್ ಇದೆ, ಬೆಸುಗೆ ಹಾಕಲು ಬರುತ್ತದೆ. ಎಲ್ಲಿಂದ ಶುರು ಮಾಡಲಿ?

ಕೊತ್ರುಡ್ ಕೇಳುಗ (ಪುಣೆ):

ನಮಸ್ಕಾರ್ರಿ. ಪೆಟ್ಟಿಗಿ ಬಿಚ್ಚೂಕಿಂತ ಮೊದಲ ಒಂದು ಕೆಲಸ ಮಾಡ್ರಿ. ಆಂಪ್ಲಿಫೈಯರ್ ಕಡೆ ಎಡಕ್ಕಿನ ವಾಯರ್ ಬಲಕ್ಕ, ಬಲಕ್ಕಿನದು ಎಡಕ್ಕ ಹಾಕ್ರಿ. ಖರಖರ ಅದೇ ಡಬ್ಬಿಯೊಳಗ ಉಳಿದ್ರ ದೋಷ ಸ್ಪೀಕರಿಂದು. ಇನ್ನೊಂದು ಡಬ್ಬಿಗೆ ಹಾರಿದ್ರ ಆಂಪ್ಲಿಫೈಯರಿಂದು. ಎಷ್ಟೋ ಮಂದಿ ಇದನ್ನ ಬಿಟ್ಟು ಸೀದಾ ಸ್ಕ್ರೂ ಡ್ರೈವರ್ ಹಿಡೀತಾರ.

ಆಮ್ಯಾಲ ಜಾಳಿಗಿ ತಗದು ವೂಫರ್ ಅಂಚು ನೋಡ್ರಿ. ಕೋನ್ ಸುತ್ತ ಇರೂ ಸರೌಂಡ್ ಫೋಮಿಂದೋ ರಬ್ಬರಿಂದೋ? ಫೋಮ್ ಆಗಿದ್ರ ಬೆರಳು ತಾಗಿಸಿದ್ರ ಸಾಕು, ಉದುರತದ, ಇಲ್ಲಾಂದ್ರ ಅಂಟಂಟಾಗಿ ಬೆರಳಿಗೆ ಹತ್ತತದ. ಪಾಲಿಯುರೆಥೇನ್ ಫೋಮ್ ಗಾಳಿಯೊಳಗಿನ ಹಸಿಗೆ ತಾನಾಗೇ ಕರಗಿ ಹೋಗತದ, ಬಾರಿಸಿದ್ರೂ ಅಷ್ಟ, ಬಾರಿಸದ ಇಟ್ರೂ ಅಷ್ಟ. ನನ್ನ ಅಮೇರಿಕನ್ ಜೋಡಿಗೆ ಹಂಗ ಆಗಿತ್ತು. ಹಳೇ ಫೋಮ್ ಕೆರದು, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರಸಿ, ಹೊಸ ರಿಂಗ್ ಕೂಡಿಸಿದೆ. ಅಂಟಿಗೆ ಬಿಳಿ ಫೆವಿಕಾಲ್ ಸಾಕಾತು. ನಿಧಾನ ಒಣಗತದ, ಅಷ್ಟರಾಗ ಕೋನ್ ನಡುಮಧ್ಯಕ್ಕ ಬರೂಹಂಗ ಸರಿಸಲಿಕ್ಕೆ ವ್ಯಾಳ್ಯಾ ಸಿಗತದ. ತಟ್ಟನ ಹಿಡಿಯೂ ಅಂಟು ಹಾಕಿದ್ರ ಒಮ್ಮೆ ಕೂತದ್ದು ಕೂತಂಗ. ಮೂವತ್ತು ಹರ್ಟ್ಸ್ ಟೋನ್ ಸಣ್ಣಗ ಹಚ್ಚಿಟ್ಟು, ಕಾಯಿಲ್ (ಕೋನ್ ಹಿಂದಿನ ತಂತಿ ಸುರುಳಿ) ಎಲ್ಲೂ ತಿಕ್ಕದಂಗ ನೋಡಿಕೊಂಡು ಒಣಗಲಿಕ್ಕೆ ಬಿಟ್ಟೆ.

ವಾಶಿವಾಸಿ:

ಅದಲುಬದಲು ಮಾಡಿದೆ ಸರ್. ಎರಡು ದೋಷಗಳೂ ಆಯಾ ಪೆಟ್ಟಿಗೆಯಲ್ಲೇ ಉಳಿದವು. ಆಂಪ್ಲಿಫೈಯರ್ ಪಾರಾಯಿತು.

ಸರೌಂಡ್ ಫೋಮ್ ಅಲ್ಲ. ಕಪ್ಪು, ನುಣುಪು, ಈಗಲೂ ಮೆತ್ತಗಿದೆ, ಬಿರುಕಿಲ್ಲ. ಕೋನಿನ ನಡುವಿನ ಮುಚ್ಚಳದ (ಡಸ್ಟ್ ಕ್ಯಾಪ್) ಆಚೀಚೆ ಎರಡೂ ಕೈಯ ಬೆರಳಿಟ್ಟು ಸಮವಾಗಿ ಒತ್ತಿ ಕಿವಿ ಕೊಟ್ಟೆ: ಎಡದ್ದರಲ್ಲಿ ಮರಳು ಉಜ್ಜಿದಂಥ ಸದ್ದು, ಬಲದ್ದರಲ್ಲಿ ಏನೂ ಇಲ್ಲ. ವಿಚಿತ್ರ ಅಂದರೆ, ಎಡದ ಕೋನನ್ನು ಕೆಳಗಿನಿಂದ ತುಸುವೇ ಮೇಲಕ್ಕೆ ಎತ್ತಿ ಹಿಡಿದು ಒತ್ತಿದರೆ ಆ ಸದ್ದು ಇಲ್ಲ!

ಮಾಟುಂಗದ ಮೂರ್ತಿ (ಮುಂಬಯಿ):

ನಿಮ್ಮ ಕೊನೆಯ ಸಾಲಿನಲ್ಲೇ ಉತ್ತರವಿದೆ. ಕೋನಿನ ಹಿಂದೆ, ಕಾಯಿಲ್ಲನ್ನು ಮಧ್ಯದಲ್ಲಿ ಹಿಡಿದಿಡುವ ಸುಕ್ಕುಸುಕ್ಕಾದ ಬಟ್ಟೆಯ ಬಿಲ್ಲೆ ಇರುತ್ತದೆ, ಸ್ಪೈಡರ್ ಅನ್ನುತ್ತಾರೆ. ಸ್ಪೀಕರ್ ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ನಿಂತಿದ್ದರೆ ಕೋನಿನ ಭಾರಕ್ಕೆ ಅದು ಕೆಳಗೆ ಜಗ್ಗುತ್ತದೆ. ಕಾಯಿಲ್ಲಿಗೂ ಮ್ಯಾಗ್ನೆಟ್ಟಿನ ಲೋಹಕ್ಕೂ ನಡುವಿನ ಸಂದು ಒಂದು ಮಿಲಿಮೀಟರ್ ಸಹ ಇರುವುದಿಲ್ಲ. ಅಷ್ಟು ಜಗ್ಗಿದರೂ ಕಾಯಿಲ್ ಕೆಳಬದಿಯಲ್ಲಿ ತಿಕ್ಕಲು ಶುರುವಾಗುತ್ತದೆ. ಪರಿಹಾರ ಬಹಳ ಸರಳ. ವೂಫರ್ ಬಿಚ್ಚಿ, ಅರ್ಧ ಸುತ್ತು ತಿರುಗಿಸಿ, ಮೇಲಿನ ಭಾಗ ಕೆಳಗೆ ಬರುವಂತೆ ಮತ್ತೆ ಕೂರಿಸಿ. ಈಗ ಅದೇ ಭಾರ ಕೋನನ್ನು ಮಧ್ಯಕ್ಕೆ ಎಳೆಯುತ್ತದೆ. ನಾಲ್ಕು ಅಥವಾ ಆರು ಸ್ಕ್ರೂ ಇದ್ದರೆ ರಂಧ್ರಗಳು ಸರಿಯಾಗಿ ಹೊಂದಿಕೊಳ್ಳುತ್ತವೆ.

ಬಿಚ್ಚುವಾಗ ಒಂದು ಎಚ್ಚರಿಕೆ. ಮ್ಯಾಗ್ನೆಟ್ ಸ್ಕ್ರೂ ಡ್ರೈವರನ್ನು ಸೆಳೆದುಕೊಳ್ಳುತ್ತದೆ, ತುದಿ ಜಾರಿದರೆ ನೇರ ಕೋನಿಗೇ ಚುಚ್ಚುತ್ತದೆ. ದಪ್ಪ ರಟ್ಟನ್ನು ಕೋನಿನ ಅಳತೆಗೆ ವೃತ್ತವಾಗಿ ಕತ್ತರಿಸಿ ಮೇಲೆ ಮುಚ್ಚಿಕೊಂಡು ಕೆಲಸ ಮಾಡಿ. ವಾಯರ್ ತೆಗೆಯುವ ಮೊದಲು ಫೋನಿನಲ್ಲಿ ಫೋಟೊ ತೆಗೆದಿಡಿ.

ಬಲದ ಮಂಕಿಗೆ ಕಾರಣ ಬೇರೆ ಇರಬೇಕು. ಟ್ವೀಟರ್ ದೋಷವೋ ಕ್ರಾಸ್‌ಓವರ್ (ಬೇಸನ್ನು ವೂಫರಿಗೂ ಟ್ರೆಬಲನ್ನು ಟ್ವೀಟರಿಗೂ ಹಂಚುವ ಸರ್ಕ್ಯೂಟ್) ದೋಷವೋ ತಿಳಿಯಬೇಕಾದರೆ ಎರಡು ಪೆಟ್ಟಿಗೆಗಳ ಟ್ವೀಟರನ್ನು ಪರಸ್ಪರ ಬದಲಿಸಿ. ಮಂಕು ಟ್ವೀಟರಿನ ಜೊತೆ ಹೋದರೆ ಅದರದೇ ದೋಷ. ಆ ಕಾಲದ ಕೆಲವು ಟ್ವೀಟರುಗಳಲ್ಲಿ ಫೆರೋಫ್ಲೂಯಿಡ್ ಎಂಬ ದ್ರವ ಇರುತ್ತಿತ್ತು, ಅದು ಒಣಗಿ ಗಟ್ಟಿಯಾಗಿರಬಹುದು. ಮಂಕು ಪೆಟ್ಟಿಗೆಯಲ್ಲೇ ಉಳಿದರೆ ಕ್ರಾಸ್‌ಓವರಿನ ಕೆಪಾಸಿಟರ್ ಮೇಲೆ ನನ್ನ ಅನುಮಾನ.

ಡ್ರೈವರ್ ಬದಲಾಯಿಸುವ ಮಾತನ್ನು ದಯವಿಟ್ಟು ಕೊನೆಗಿಡಿ. ನನ್ನ ಬಳಿ ಎಲ್‌ಎಸ್3/5ಎ ಎಂಬ ಸ್ಪೀಕರ್ ಜೋಡಿ ಇದೆ. ಎಪ್ಪತ್ತರ ದಶಕದಲ್ಲಿ ಬಿಬಿಸಿಯವರು ಹೊರಾಂಗಣ ಪ್ರಸಾರದ ವ್ಯಾನಿನಂಥ ಇಕ್ಕಟ್ಟಾದ ಜಾಗಕ್ಕೆಂದು ರೂಪಿಸಿದ್ದು. ರೋಜರ್ಸ್, ಸ್ಪೆಂಡರ್, ಹಾರ್ಬೆತ್, ಕೆಫ್ ಮುಂತಾದ ಕಂಪನಿಗಳು ಪರವಾನಗಿ ಪಡೆದು ತಯಾರಿಸಿದವು. ಐದು ಲೀಟರಿನಷ್ಟು ಪುಟ್ಟ ಮುಚ್ಚಿದ ಪೆಟ್ಟಿಗೆ, ಒಳಗೆ ಕೆಫ್‌ನ ಬಿ110 ವೂಫರ್, ಟಿ27 ಟ್ವೀಟರ್. ಮೊದಲ ಅವತಾರ 15 ಓಮ್, ಎಂಬತ್ತರ ದಶಕದ ಕೊನೆಯ ಹೊತ್ತಿಗೆ 11 ಓಮ್ ಆಯಿತು. ಅದರ ಕ್ರಾಸ್‌ಓವರ್ ಈ ಎರಡು ಡ್ರೈವರುಗಳ ಗುಣದೋಷಗಳಿಗೆ ತಕ್ಕಂತೆ ಹೊಲಿದದ್ದು. ಟ್ವೀಟರಿನ ಮಟ್ಟವನ್ನು ಪ್ರತಿ ಪೆಟ್ಟಿಗೆಗೆ ಬೇರೆಬೇರೆಯಾಗಿ ಹೊಂದಿಸಲು 15 ಓಮಿನದರಲ್ಲಿ ಟ್ಯಾಪ್ ಇರುವ ಆಟೊಟ್ರಾನ್ಸ್‌ಫಾರ್ಮರನ್ನೇ ಇಟ್ಟಿದ್ದಾರೆ. ಅಲ್ಲಿ ಒಂದು ವೂಫರ್ ತೆಗೆದು ಅದೇ ಅಳತೆಯ ಬೇರೊಂದನ್ನು ಹಾಕಿದರೆ ಸದ್ದು ಬರುತ್ತದೆ, ಆದರೆ ಅದು ಎಲ್‌ಎಸ್3/5ಎ ಆಗಿ ಉಳಿಯುವುದಿಲ್ಲ. ನಿಮ್ಮದು ಯಾವ ಮಾಡೆಲ್ ಆದರೂ ಈ ಮಾತು ಅದಕ್ಕೂ ಸಲ್ಲುತ್ತದೆ. ಮನುಷ್ಯನ ಕಂಠವನ್ನು ಇಷ್ಟು ಹತ್ತಿರ ತಂದು ಕೂರಿಸುವ ಸಣ್ಣ ಪೆಟ್ಟಿಗೆಗಳು ಈಗ ಸುಲಭಕ್ಕೆ ಸಿಗುವುದಿಲ್ಲ.

ಮಡಗಾಂವ್ ಮಂಜು (ಗೋವಾ):

ಮೂರ್ತಿ ಸರ್ ಹೇಳಿದ್ದು ಸರಿ. ಸಮುದ್ರದ ಬದಿಯವರಿಗೆ ಇನ್ನೊಂದು ಸಂಗತಿ ಸೇರಿಸುತ್ತೇನೆ ಮಾರಾಯ್ರೆ. ಉಪ್ಪುಗಾಳಿಗೆ ಮ್ಯಾಗ್ನೆಟ್ ಸಂದಿನ ಉಕ್ಕಿನ ಮೇಲೆ ತುಕ್ಕು ಹುಟ್ಟಿ, ಅದರ ಹಳುಕು ಕಾಯಿಲ್ಲಿಗೆ ತಾಗಿದರೂ ಇದೇ ಸದ್ದು ಬರುತ್ತದೆ. ಆದರೆ ಆಗ ಕೋನನ್ನು ಎತ್ತಿ ಹಿಡಿದರೂ ಸದ್ದು ಪೂರ್ತಿ ನಿಲ್ಲುವುದಿಲ್ಲ. ನಿಮ್ಮದು ನಿಂತಿದೆ, ಹಾಗಾಗಿ ಜಗ್ಗಿದ್ದೇ ಇರಬೇಕು. ತಿರುಗಿಸಿದ ಮೇಲೂ ಕರಕರ ಉಳಿದರೆ ಮಾತ್ರ ಡಸ್ಟ್ ಕ್ಯಾಪ್ ಬಿಡಿಸಿ ಒಳಗೆ ನೋಡಬೇಕಾಗುತ್ತದೆ.

ನಮ್ಮ ಮಳೆಗೆ ಪಾರ್ಟಿಕಲ್ ಬೋರ್ಡ್ ಉಬ್ಬಿ ಸ್ಕ್ರೂ ಹಿಡಿತ ಬಿಡುವುದು ಮಾಮೂಲಿ. ಸ್ಕ್ರೂ ಸುಮ್ಮನೆ ಸುತ್ತುತ್ತಿದ್ದರೆ ರಂಧ್ರಕ್ಕೆ ಫೆವಿಕಾಲ್ ಅದ್ದಿದ ಬೆಂಕಿಕಡ್ಡಿ ತುರುಕಿ, ಮಾರನೆ ದಿನ ಮಟ್ಟಸವಾಗಿ ಕತ್ತರಿಸಿ ಸ್ಕ್ರೂ ಬಿಗಿ ಮಾಡಿ. ವೂಫರ್ ಕೆಳಗಿನ ಗ್ಯಾಸ್ಕೆಟ್ ಪುಡಿಯಾಗಿದ್ದರೆ ತೆಳು ಫೋಮ್ ಟೇಪ್ ಹಾಕಿ. ಪೋರ್ಟ್ ಇಲ್ಲದ ಪೆಟ್ಟಿಗೆಗೆ ಇದು ಬಹಳ ಮುಖ್ಯ. 1954ರಲ್ಲಿ ಎಡ್ಗರ್ ವಿಲ್ಚರ್ ಎಆರ್-1 ಎಂಬ ಸ್ಪೀಕರ್ ಮಾಡಿದಾಗಿನಿಂದ ಇಂಥ ಸ್ಪೀಕರುಗಳಲ್ಲಿ ಒಳಗೆ ಸೆರೆಸಿಕ್ಕ ಗಾಳಿಯೇ ಕೋನಿಗೆ ಸ್ಪ್ರಿಂಗ್. ಗಾಳಿ ಸೋರಿದರೆ ಬೇಸ್ ತೆಳ್ಳಗಾಗುತ್ತದೆ, ಕೋನ್ ಬೇಕಾಬಿಟ್ಟಿ ಓಡಾಡುತ್ತದೆ.

ವಾಶಿವಾಸಿ:

ಭಾನುವಾರ ಕೂತು ಬಿಚ್ಚಿದೆ. ವೂಫರ್ ತಿರುಗಿಸಿದ ಮೇಲೆ ಬೆರಳಿಂದ ಒತ್ತಿ ನೋಡಿದರೆ ನಿಶ್ಶಬ್ದ. ಡಗ್ಗಾದ ಗಮಕ ದುಂಡಗೆ ಉರುಳಿಕೊಂಡು ಬರುತ್ತಿದೆ! ಗ್ಯಾಸ್ಕೆಟ್ ಒಂದು ಕಡೆ ಹರಿದಿತ್ತು, ಮಂಜು ಸರ್ ಹೇಳಿದ ಹಾಗೆ ಟೇಪ್ ಹಾಕಿದೆ. ಒಳಗಿದ್ದ ಹತ್ತಿಯಂಥ ತುಂಬುವಿಕೆಯನ್ನು ಇದ್ದ ಹಾಗೇ ವಾಪಸ್ ಇಟ್ಟೆ.

ಟ್ವೀಟರ್ ಬದಲಿಸಿ ನೋಡಿದೆ. ಮಂಕು ಬಲದ ಪೆಟ್ಟಿಗೆಯಲ್ಲೇ ಉಳಿಯಿತು. ಟ್ವೀಟರ್ ಎರಡೂ ಮೀಟರಿನಲ್ಲಿ 5.6 ಓಮ್ ತೋರಿಸುತ್ತಿವೆ. ಕ್ರಾಸ್‌ಓವರ್ ಬಹಳ ಸರಳವಾಗಿದೆ: ವೂಫರಿಗೆ ಒಂದು ಕಾಯಿಲ್, ಟ್ವೀಟರಿಗೆ ಒಂದು ಕೆಪಾಸಿಟರ್, ಒಂದು ರೆಸಿಸ್ಟರ್. ಕೆಪಾಸಿಟರ್ ಮೇಲೆ 4.7 ಮೈಕ್ರೊಫ್ಯಾರಡ್ ಅಂತಿದೆ. ಒಂದು ಕಾಲು ಬಿಡಿಸಿ ಅಳೆದೆ. ಎಡದ್ದು 4.5, ಬಲದ್ದು 3.1!

ಮಾಟುಂಗದ ಮೂರ್ತಿ:

ಸಿಕ್ಕಿತಲ್ಲ! ಟ್ವೀಟರನ್ನು 8 ಓಮ್ ಎಂದಿಟ್ಟುಕೊಂಡು ಸರಳ ಲೆಕ್ಕ ಹಾಕಿದರೆ, 4.7 ಇದ್ದಾಗ ಟ್ವೀಟರ್ ಸುಮಾರು 4200 ಹರ್ಟ್ಸ್‌ನಿಂದ ಕೆಲಸಕ್ಕೆ ಇಳಿಯುತ್ತದೆ. 3.1ಕ್ಕೆ ಇಳಿದರೆ ಅದು 6400ರ ಹತ್ತಿರ ಹೋಗುತ್ತದೆ. ವೂಫರ್ ಅಷ್ಟರಲ್ಲಿ ಕೈಬಿಟ್ಟಿರುತ್ತದೆ. ಜವಾರಿಯ ಝೇಂಕಾರದ ದೊಡ್ಡ ಪಾಲು ಇರುವುದೇ ಆ ನಡುವಿನ ಜಾಗದಲ್ಲಿ. ಸಾಲದ್ದಕ್ಕೆ ಹಳೆಯ ಎಲೆಕ್ಟ್ರೊಲಿಟಿಕ್ (ಒಳಗೆ ದ್ರವ ಇರುವ) ಕೆಪಾಸಿಟರ್ ಒಣಗಿದಾಗ ಅದರ ಒಳಗಿನ ರೆಸಿಸ್ಟೆನ್ಸ್ ಏರಿ, ಉಳಿದ ಟ್ರೆಬಲ್ ಕೂಡ ಕುಗ್ಗುತ್ತದೆ.

ಎಡದ್ದು ಈಗ ಸರಿ ಇದ್ದರೂ ಎರಡನ್ನೂ ಒಟ್ಟಿಗೆ ಬದಲಾಯಿಸಿ, ಇಲ್ಲದಿದ್ದರೆ ಜೋಡಿ ಸಮ ಆಗುವುದಿಲ್ಲ. ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದೇ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋಗಬಹುದು. ಅಲ್ಲಿ 4.7 ಮೈಕ್ರೊಫ್ಯಾರಡ್, 100 ವೋಲ್ಟ್, ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್ ಕೇಳಿ. ಅದು ಸಿಗದಿದ್ದರೆ ನಾನ್-ಪೋಲಾರ್ ಎಲೆಕ್ಟ್ರೊಲಿಟಿಕ್ ಆದರೂ ಆದೀತು. ಪ್ಲಸ್ ಮೈನಸ್ ಗುರುತಿರುವ ಮಾಮೂಲಿ ಎಲೆಕ್ಟ್ರೊಲಿಟಿಕ್ ಮಾತ್ರ ಹಾಕಬೇಡಿ, ಸ್ಪೀಕರಿನಲ್ಲಿ ಹರಿಯುವುದು ಎಸಿ. ಫಿಲ್ಮ್ ಕೆಪಾಸಿಟರ್ ಗಾತ್ರದಲ್ಲಿ ದೊಡ್ಡದು. ಕೇಬಲ್ ಟೈ ಹಾಕಿ ಬಿಗಿಯಿರಿ, ಇಲ್ಲವಾದರೆ ಅದೇ ಗಡಗಡ ಅನ್ನುತ್ತದೆ. ಹಾಕಿದ ಮೇಲೆ ಟ್ರೆಬಲ್ ಕಿವಿಗೆ ಚುಚ್ಚಿದರೆ ಕೆಪಾಸಿಟರಿನ ಸಾಲಿನಲ್ಲಿ 0.47 ಓಮ್, 5 ವಾಟ್ ರೆಸಿಸ್ಟರ್ ಒಂದನ್ನು ಸೇರಿಸಿ.

ಕೊತ್ರುಡ್ ಕೇಳುಗ:

ಇಲ್ಲಿ ಪುಣೆಯಾಗ ಇದ್ದವ್ರಿಗೆ: ಬುಧವಾರ ಪೇಠದ ತಪಕೀರ್ ಗಲ್ಲಿಯೊಳಗ ಕೇಳಿ ನೋಡ್ರಿ. ಮತ್ತ ವಾಶಿಯವ್ರ, ವಾಯರ್ ಬಿಚ್ಚಿ ಹಚ್ಚಿದ್ದೀರಲ್ಲ, ವೂಫರ್ ಫೇಸ್ ಒಮ್ಮೆ ನೋಡಿಬಿಡ್ರಿ. ಆಂಪ್ಲಿಫೈಯರ್ ವಾಯರ್ ತಗದು, ಒಂದೂವರೆ ವೋಲ್ಟಿನ ಪೆನ್ಸಿಲ್ ಸೆಲ್‌ನ ಪ್ಲಸ್ಸನ್ನ ಕೆಂಪು ಟರ್ಮಿನಲ್ಲಿಗೆ ಕ್ಷಣ ಮಾತ್ರ ತಾಗಸ್ರಿ. ಎರಡೂ ಡಬ್ಬಿಯೊಳಗ ಕೋನ್ ಹೊರಗ ಬಂದ್ರ ಸರಿ. ಒಂದು ಹೊರಗ, ಒಂದು ಒಳಗ ಹೋದ್ರ ಬೇಸ್ ಸತ್ತಂಗ.

ವಾಶಿವಾಸಿ:

ಕೆಪಾಸಿಟರ್ ಹಾಕಿದೆ, ಎರಡೂ ಕಡೆ. ಸೆಲ್ ಪರೀಕ್ಷೆಯೂ ಆಯಿತು, ಎರಡೂ ಕೋನ್ ಹೊರಗೇ ಬರುತ್ತವೆ. ದನಿ ಈಗ ನಟ್ಟನಡುವೆ ನಿಂತಿದೆ. ತಂಬೂರಿ ಶ್ರುತಿ ಹಿಡಿಯುವಾಗ ತಂತಿಯಿಂದ ತಂತಿಗೆ ಬೆರಳು ಹೋಗುವುದು ಗೊತ್ತಾಗುತ್ತದೆ. ಮಾವನಿಗೆ ಫೋನಿನಲ್ಲೇ ಕೇಳಿಸಿದೆ, ಬಹಳ ಖುಷಿಪಟ್ಟರು. ಟ್ರೆಬಲ್ ಚುಚ್ಚುತ್ತಿಲ್ಲ, ರೆಸಿಸ್ಟರ್ ಹಾಕಲಿಲ್ಲ.

ಒಂದೇ ಒಂದು ಪ್ರಶ್ನೆ ಉಳಿದಿದೆ. ಹಾಲಿನಲ್ಲಿ ಜಾಗ ಕಮ್ಮಿ. ಗೋಡೆಗೆ ತಾಗಿಸಿ ಶೆಲ್ಫಿನಲ್ಲಿಡಬಹುದೇ?

ಮಾಟುಂಗದ ಮೂರ್ತಿ:

ಧಾರಾಳವಾಗಿ. ಹಿಂದೆ ಪೋರ್ಟ್ ಇಲ್ಲದ ಕಾರಣ ಉಸಿರುಗಟ್ಟುವ ಪ್ರಶ್ನೆ ಇಲ್ಲ, ಗೋಡೆ ಹತ್ತಿರವಿದ್ದರೆ ಬೇಸ್ ತುಸು ತುಂಬಿಕೊಳ್ಳುತ್ತದೆ ಕೂಡ. ಟ್ವೀಟರ್ ನೀವು ಕೂತಾಗ ಕಿವಿಯ ಎತ್ತರಕ್ಕೆ ಬರಲಿ, ಪೆಟ್ಟಿಗೆಯ ಮುಖ ಶೆಲ್ಫಿನ ಅಂಚಿಗೆ ಸಮ ಇರಲಿ. ಮಳೆ ಬಡಿಯುವ ಹೊರಗೋಡೆಯಾದರೆ ಮಾತ್ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಗೇಣು ಮುಂದಕ್ಕೆ ಎಳೆದಿಡಿ, ಹಿಂಬದಿಯ ವೆನಿಯರ್ ತೇವ ಹೀರಿ ಏಳುತ್ತದೆ. ಮತ್ತೆ, ಇಂಥ ಮುಚ್ಚಿದ ಪುಟ್ಟ ಪೆಟ್ಟಿಗೆಗಳು ವಾಟ್ ಹೆಚ್ಚು ಕೇಳುತ್ತವೆ. ನನ್ನ ಜೋಡಿಯ ಸೆನ್ಸಿಟಿವಿಟಿ (ಒಂದು ವಾಟಿಗೆ ಹೊರಡುವ ಸದ್ದಿನ ಮಟ್ಟ) 83 ಡೆಸಿಬೆಲ್ ಸಹ ದಾಟುವುದಿಲ್ಲ. ಸಣ್ಣ ಆಂಪ್ಲಿಫೈಯರನ್ನು ಕೊನೆಯವರೆಗೆ ತಿರುಗಿಸಿದರೆ ಅದು ಕ್ಲಿಪ್ ಆಗಿ, ಅಂದರೆ ದನಿಯ ಅಲೆಯ ತುದಿ ಕತ್ತರಿಸಿಹೋಗಿ, ಮೊದಲು ಸುಡುವುದು ಟ್ವೀಟರ್. ನಿಮ್ಮ ಆಂಪ್ಲಿಫೈಯರ್ ಯಾವುದು, ಎಷ್ಟು ವಾಟ್ ಅಂತ ಬರೆಯಿರಿ, ನೋಡಿ ಹೇಳುತ್ತೇನೆ.