ನೀಲಿ ನಿಲುವಂಗಿ, ಟೋಪಿ, ನಾಮ, ಹೂವು: ಯಾವುದು ಯಾವಾಗ?

ಎಲ್ಲರಿಗೂ ನಮಸ್ಕಾರ,

ಚಿತ್ರಕಾರ ಪೀಟರ್ ಬ್ರೂಗೆಲ್ 1559ರಲ್ಲಿ ಬರೆದ ಗಾದೆಗಳ ಚಿತ್ರವನ್ನು ನೀವು ನೋಡಿರಬಹುದು. ಈಗ ಅದು ಬರ್ಲಿನ್‌ನ ಗೆಮೆಲ್ಡೆಗ್ಯಾಲರಿ ಅನ್ನುವ ಚಿತ್ರಸಂಗ್ರಹಾಲಯದಲ್ಲಿದೆ. ಒಂದೇ ಹಳ್ಳಿಯೊಳಗೆ ನೂರಕ್ಕೂ ಜಾಸ್ತಿ ಡಚ್ ಗಾದೆ, ನುಡಿಗಟ್ಟುಗಳನ್ನು ತುರುಕಿದ್ದಾನೆ ಪುಣ್ಯಾತ್ಮ. ಮಾತಿನಲ್ಲಿ ಏನಿದೆಯೋ ಅಲ್ಲಿನ ಜನ ಅದನ್ನೇ ಮಾಡುತ್ತಿರುತ್ತಾರೆ. ಒಬ್ಬ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಾನೆ. ಇನ್ನೊಬ್ಬ ಬೆಕ್ಕಿಗೆ ಗಂಟೆ ಕಟ್ಟುತ್ತಿದ್ದಾನೆ, ಅದೂ ಯುದ್ಧಕ್ಕೆ ಹೊರಟವನ ಹಾಗೆ ಕವಚ ತೊಟ್ಟುಕೊಂಡು, ಬಾಯಲ್ಲಿ ಚೂರಿ ಕಚ್ಚಿಕೊಂಡು. ಕರು ಬಿದ್ದು ಸತ್ತ ಮೇಲೆ ಬಾವಿಗೆ ಮಣ್ಣು ತುಂಬುವವನೂ ಇದ್ದಾನೆ. ನಾವು 'ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು' ಅಂತೀವಲ್ಲ, ಅದೇ.

ನಾನು ಕೇಳಬೇಕಿರುವುದು ಚಿತ್ರದ ಮುಂಭಾಗದಲ್ಲಿ ನಿಂತ ಕೆಂಪು ಉಡುಪಿನ ಹೆಂಗಸಿನ ಬಗ್ಗೆ. ಗಂಡನಿಗೆ ನೀಲಿ ನಿಲುವಂಗಿ ಹೊದಿಸುತ್ತಿದ್ದಾಳೆ. ಅದರ ಟೊಪ್ಪಿಗೆ ಅವನ ತಲೆಯನ್ನೂ ಮುಚ್ಚುತ್ತದೆ. ಹೀಗೆ ಹೊದಿಸಿದಳು ಅಂದರೆ ಅವನ ಬೆನ್ನ ಹಿಂದೆ ಇನ್ನೊಬ್ಬನ ಸಂಗ ಮಾಡಿದಳು ಅಂತ. ಹಿಂದೆ ಇಡೀ ಚಿತ್ರವನ್ನೇ 'ನೀಲಿ ನಿಲುವಂಗಿ' ಅಂತ ಕರೆಯುತ್ತಿದ್ದರು.

ಕನ್ನಡದಲ್ಲೂ ಮೋಸ ಹೋದವನಿಗೆ ಸಿಂಗಾರ ಮಾಡುತ್ತೇವೆ, ಗಮನಿಸಿದ್ದೀರಾ? ತಲೆಗೆ ಟೋಪಿ, ಹಣೆಗೆ ನಾಮ, ಕಿವಿ ಮೇಲೆ ಹೂವು. ಮದುಮಗನಿಗೂ ಇಷ್ಟು ಮಾಡುವುದಿಲ್ಲ! ಆದರೆ ಇವನ್ನು ಸುಮ್ನೆ ಅದಲುಬದಲು ಮಾಡುವಂತಿಲ್ಲ. 'ಚೀಟಿ ದುಡ್ಡು ಎತ್ತಿಕೊಂಡು ನಾಮ ಹಾಕಿದ' ಅನ್ನುತ್ತೇವೆ, ಕೊಟ್ಟದ್ದು ವಾಪಸ್ ಬರಲಿಲ್ಲ ಅನ್ನುವುದೇ ಅಲ್ಲಿ ಮುಖ್ಯ. ಅದೇ ಜಾಗದಲ್ಲಿ 'ಕಿವಿ ಮೇಲೆ ಹೂವಿಟ್ಟ' ಅಂದು ನೋಡಿ, ಏನೋ ಕಥೆ ಕಟ್ಟಿ ನಂಬಿಸಿದ ಅಂತ ಗೊತ್ತಾಗುತ್ತದೆಯೇ ಹೊರತು ದುಡ್ಡು ಹೋದದ್ದು ಗೊತ್ತಾಗುವುದಿಲ್ಲ. (ಬೆಂಗಳೂರಿನವರು ಒಂದು ಹೂವು ಸಾಲದೆ ಲಾಲ್‌ಬಾಗನ್ನೇ ಇಡುತ್ತಾರೆ.) ಟೋಪಿ ಎಲ್ಲದಕ್ಕೂ ಸಲ್ಲುತ್ತದೆ: ಕಳಪೆ ಮಾಲು ಮಾರಿದವನೂ ಟೋಪಿ ಹಾಕುತ್ತಾನೆ, ಮದುವೆ ಆಗುತ್ತೇನೆ ಅಂತ ನಂಬಿಸಿ ಕೈ ಕೊಟ್ಟವನೂ ಹಾಕುತ್ತಾನೆ.

ಹಾಗಾದರೆ ಬ್ರೂಗೆಲ್‌ನ ಆ ಗಂಡನಿಗೆ ಏನು ಹಾಕೋಣ? ಅವನು ತೆಪ್ಪಗೆ ನಿಂತು ಹೊದಿಸಿಕೊಳ್ಳುವ ರೀತಿ ನೋಡಿದರೆ ಹೂವೇ ಹತ್ತಿರ ಅಂತ ನನಗನ್ನಿಸುತ್ತದೆ. ಟೋಪಿಗೆ ಬಟ್ಟೆಯ ನಂಟಿದೆ, ನಿಜ. ಆದರೆ ಗಂಡನಿಗೆ ಟೋಪಿ ಹಾಕಿದಳು ಅಂದರೆ ಒಡವೆ ಎತ್ತಿಕೊಂಡು ಹೋದಳೇನೋ ಅನ್ನಿಸುತ್ತದೆ, ಅಲ್ವಾ? 'ಕಣ್ಣಿಗೆ ಮಣ್ಣೆರಚಿದಳು' ತೀರಾ ಸಾಮಾನ್ಯವಾಯಿತು.

ಗಂಡ ಹೆಂಡತಿ ನಡುವಿನ ಇಂಥ ಮೋಸಕ್ಕೇ ಮೀಸಲಾದ ನುಡಿಗಟ್ಟು ನಿಮ್ಮ ಕಡೆ ಇದೆಯೇ? ಧಾರವಾಡ, ಕಲಬುರಗಿ, ಕುಂದಾಪುರದ ಕಡೆಯವರು ದಯವಿಟ್ಟು ಹೇಳಿ. ಜೊತೆಗೆ ಇನ್ನೊಂದು: ಪಂಗನಾಮಕ್ಕೂ ಉಂಡೆನಾಮಕ್ಕೂ ಬಳಕೆಯಲ್ಲಿ ವ್ಯತ್ಯಾಸ ಇದೆಯೋ, ಇಲ್ಲ ಎರಡೂ ಒಂದೆಯೋ?