ಸಹಾಯ ಬೇಕು: ದೇಶಕಾಲವೇ (ಜಾಗ, ಕಾಲ ಒಟ್ಟಾದ ಹಂದರ) ಮಸುಕಾದರೆ ಕಾರಣ ಯಾವುದು, ಪರಿಣಾಮ ಯಾವುದು?

ಮೂರು ದಿನದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಐನ್‌ಸ್ಟೈನ್ ಸಾಪೇಕ್ಷತೆಯಲ್ಲಿ ಗೊಂದಲವಿಲ್ಲ. ಒಂದು ಘಟನೆ ಇನ್ನೊಂದಕ್ಕೆ ಕಾರಣವಾಗಬೇಕಾದರೆ, ಎರಡನೆಯದು ಮೊದಲನೆಯದರ ಬೆಳಕಿನ ಶಂಕುವಿನ (ಬೆಳಕಿನ ವೇಗ ಮೀರದೆ ಅಲ್ಲಿಂದ ತಲುಪಬಹುದಾದ ವ್ಯಾಪ್ತಿ) ಒಳಗೋ ಅಂಚಿನಲ್ಲೋ ಇರಬೇಕು. ಹೊರಗಿದ್ದರೆ ಸಂಬಂಧವೇ ಇಲ್ಲ.

ಈಗ ಪ್ಲ್ಯಾಂಕ್ ಉದ್ದಕ್ಕೆ ಇಳಿಯೋಣ. ಸುಮಾರು 1.6 × 10⁻³⁵ ಮೀಟರ್; ಗುರುತ್ವಕ್ಕೂ ಕ್ವಾಂಟಮ್ ನಿಯಮ ಬೇಕಾಗುತ್ತದೆ ಎನ್ನುವಷ್ಟು ಸಣ್ಣ ಅಳತೆ. ಅಲ್ಲಿ ದೇಶಕಾಲವೇ ಕ್ವಾಂಟಮ್ ಏರಿಳಿತದಿಂದ ನಡುಗಬಹುದು ಎನ್ನುತ್ತಾರೆ. ಹಾಗಾದರೆ ಶಂಕುವಿನ ಅಂಚೂ ನಡುಗಬೇಕು ಅಲ್ವಾ? ನೋಟ್‌ಬುಕ್ಕಿನಲ್ಲಿ ಪೆನ್ಸಿಲ್‌ನಿಂದ ಶಂಕು ಬರೆದು, ಅಂಚನ್ನು ಬೆರಳಿನಿಂದ ಉಜ್ಜಿದೆ. ಆ ಬೂದು ಪಟ್ಟಿಯ ಮಧ್ಯೆ ಒಂದು ಚುಕ್ಕಿ ಇಟ್ಟೆ. ಅದು ಒಳಗೋ ಹೊರಗೋ? ಅಲ್ಲೇ ನಿಂತುಬಿಟ್ಟೆ.

ದೇಶಕಾಲ ಬಿಡಿ ಬಿಂದುಗಳಿಂದ ಆದದ್ದು ಎನ್ನುವ ಕಾಸಲ್ ಸೆಟ್ ಸಿದ್ಧಾಂತವನ್ನೂ ಓದಿದೆ. 1987ರಲ್ಲಿ ಭೌತವಿಜ್ಞಾನಿ ಸಾರ್ಕಿನ್ ಮತ್ತು ಜೊತೆಗಾರರು ಮುಂದಿಟ್ಟದ್ದು. ಅಲ್ಲಿ ಲೆಕ್ಕ ಉಲ್ಟಾ: 'ಯಾವುದು ಮೊದಲು' ಎಂಬ ಕ್ರಮವೇ ಮೂಲ, ಬಿಂದುಗಳನ್ನು ಎಣಿಸಿದರೆ ಗಾತ್ರ ಸಿಗುತ್ತದೆ. ಇದು ತುಂಬ ಹಿಡಿಸಿತು. ಆದರೆ ಕ್ವಾಂಟಮ್ ಲೆಕ್ಕಕ್ಕೆ ಬಂದರೆ ಬೇರೆಬೇರೆ ಕ್ರಮಗಳನ್ನೆಲ್ಲ ಒಟ್ಟಿಗೆ ಕೂಡಿಸಬೇಕಂತೆ. ಮತ್ತೆ ಅದೇ ಬೂದು ಪಟ್ಟಿ!

ಪ್ರಯೋಗದ ಕಡೆಗೂ ನೋಡಿದೆ. 2009ರಲ್ಲಿ ಫರ್ಮಿ ಬಾಹ್ಯಾಕಾಶ ದೂರದರ್ಶಕ ಕಂಡ ಗಾಮಾ ಕಿರಣ ಸ್ಫೋಟದಲ್ಲಿ, 700 ಕೋಟಿಗೂ ಜಾಸ್ತಿ ಜ್ಯೋತಿರ್ವರ್ಷ ದಾಟಿದ ತುಂಬ ಹೆಚ್ಚು ಶಕ್ತಿಯ (31 ಜಿಇವಿ) ಫೋಟಾನ್, ಅಂದರೆ ಬೆಳಕಿನ ಕಣ, ಸ್ಫೋಟ ಶುರುವಾದ ಒಂದು ಸೆಕೆಂಡಿನೊಳಗೇ ಬಂತು. ದೇಶಕಾಲದ ನಡುಕ ಅದನ್ನು ತಡಮಾಡಿದ್ದರೆ ಇಷ್ಟು ಬೇಗ ಬರುತ್ತಿರಲಿಲ್ಲ; ಅಂದರೆ ಅಷ್ಟು ದೂರದಲ್ಲೂ ಮಸುಕು ಕೂಡಿಕೊಂಡು ಗುರುತಿಸುವಷ್ಟು ದೊಡ್ಡದಾಗಲಿಲ್ಲ.

ನನ್ನ ಪ್ರಶ್ನೆ ಇಷ್ಟೇ: 'ಕಾರಣ ಮೊದಲು' ಎಂಬುದು ಪ್ಲ್ಯಾಂಕ್ ಮಟ್ಟದಲ್ಲೂ ಖಚಿತ ನಿಯಮವೋ, ಅಥವಾ ದೊಡ್ಡ ಅಳತೆಯಲ್ಲಿ ಸರಾಸರಿಯಾಗಿ ಮೂಡುವುದೋ? ಸರಾಸರಿ ಆದರೆ, ಸಣ್ಣ ತಪ್ಪುಗಳು ಸೇರಿ ಬೆಳೆಯದಂತೆ ತಡೆಯುವುದು ಯಾವುದು?